ಎದುರಾಳಿ ಗೆಲ್ಲಲಿ ಎಂದು ಕಾಯುವ ಊರು

ಅಮೆರಿಕದ ಒಹಾಯೋ ರಾಜ್ಯದಲ್ಲಿ ಮ್ಯಾಸಿಲನ್ ಅಂತ ಒಂದು ಊರಿದೆ. ಜನಸಂಖ್ಯೆ ಸುಮಾರು 32 ಸಾವಿರ. ಆ ಊರಿನ ಸರ್ಕಾರಿ ಹೈಸ್ಕೂಲಿನ ಫುಟ್‌ಬಾಲ್ ಸ್ಟೇಡಿಯಂನಲ್ಲಿ 16 ಸಾವಿರಕ್ಕಿಂತ ಹೆಚ್ಚು ಜನ ಕೂರಬಹುದು. ಇನ್ನೊಂದ್ಸಲ ಓದಿ. ಕಾಲೇಜಿನದ್ದಲ್ಲ, ಯಾವುದೋ ದೊಡ್ಡ ಕ್ಲಬ್ಬಿನದ್ದೂ ಅಲ್ಲ, ಹೈಸ್ಕೂಲಿನ ಸ್ಟೇಡಿಯಂ. ಊರಿನ ಅರ್ಧ ಜನಕ್ಕೆ ಸೀಟು. ಅಲ್ಲಿನ ಆಸ್ಪತ್ರೆಯಲ್ಲಿ ಗಂಡು ಮಗು ಹುಟ್ಟಿದರೆ ತಂಡದ ಅಭಿಮಾನಿ ಸಂಘದವರು ತೊಟ್ಟಿಲಲ್ಲಿ ಒಂದು ಪುಟ್ಟ ಫುಟ್‌ಬಾಲ್ ಇಟ್ಟು ಹೋಗುವುದು ದಶಕಗಳ ಕಾಲ ನಡೆದ ಪದ್ಧತಿಯಾಗಿತ್ತು. ನಾಮಕರಣಕ್ಕಿಂತ ಮುಂಚೆ ಸೆಲೆಕ್ಷನ್ ಅನ್ನಿ.

ನಾವು ಈ ಸಲ ಬರೆಯೋಕೆ ಹೊರಟಿರುವುದು ಆ ಆಟದ ಬಗ್ಗೆ ಅಲ್ಲ, ಆಟಕ್ಕಾಗಿ ಕಾಯುವುದರ ಬಗ್ಗೆ. ಪಕ್ಕದೂರಿನ ಬದ್ಧ ಎದುರಾಳಿ, ಎದುರಿಗೆ ಪ್ಲೇಆಫ್, ನಡುವೆ ಒಂದು ವಾರ. ಆ ವಾರದಲ್ಲಿ ಒಂದು ಊರಿನ ತಲೆಯೊಳಗೆ ಏನೇನು ಓಡುತ್ತದೆ ಅನ್ನುವುದು ನಮಗೆ ಕುತೂಹಲ ಹುಟ್ಟಿಸಿತು. ಅದರಲ್ಲಿ ಅರ್ಧಕ್ಕರ್ಧ ಗಣಿತ ಅನ್ನುವುದು ಗೊತ್ತಾದ ಮೇಲಂತೂ ಬರೆಯದೇ ಇರೋಕೆ ಆಗಲಿಲ್ಲ.

ಮೊದಲು ಒಂದೆರಡು ಮಾತು ಸ್ಪಷ್ಟ ಮಾಡಿಬಿಡೋಣ. ಅಮೆರಿಕದಲ್ಲಿ ಹೈಸ್ಕೂಲ್ ಅಂದರೆ 9ರಿಂದ 12ನೇ ಕ್ಲಾಸು, ಅಂದರೆ ನಮ್ಮ ಪಿಯುಸಿನೂ ಅದರೊಳಗೇ ಬಂತು. ಆಡುವವರ ವಯಸ್ಸು 14ರಿಂದ 18. ಇನ್ನು ಫುಟ್‌ಬಾಲ್ ಅಂದರೆ ನಾವು ಸಂಜೆ ಗ್ರೌಂಡಿನಲ್ಲಿ ಒದೆಯುವ ಆಟ ಅಲ್ಲ. ತಲೆಗೆ ಹೆಲ್ಮೆಟ್ಟು, ಭುಜಕ್ಕೆ ಗಟ್ಟಿ ಪ್ಯಾಡು, ಎರಡೂ ತುದಿ ಚೂಪಾದ ಚೆಂಡು. ಅದನ್ನು ಹಿಡಿದುಕೊಂಡೋ ಎಸೆದೋ ಎದುರಾಳಿಯ ಕೊನೆ ಗೆರೆ ದಾಟಿಸಿದರೆ ಟಚ್‌ಡೌನ್, 6 ಅಂಕ. ಆಮೇಲೆ ಕಂಬಗಳ ನಡುವೆ ಒದ್ದರೆ ಇನ್ನೊಂದು ಅಂಕ. ಚೆಂಡು ಹಿಡಿದವನನ್ನು ಅವನದೇ ಗೆರೆಯ ಹಿಂದೆ ಕೆಡವಿದರೆ ಅದಕ್ಕೆ ಸೇಫ್ಟಿ ಅಂತಾರೆ, ಕೆಡವಿದವರಿಗೆ 2 ಅಂಕ. ಈ ಲೇಖನಕ್ಕೆ ಇಷ್ಟು ಗೊತ್ತಿದ್ದರೆ ಸಾಕು.

ಮ್ಯಾಸಿಲನ್‌ನಿಂದ ಹದಿನೈದು ಕಿಲೋಮೀಟರ್ ಒಳಗೇ ಇನ್ನೊಂದು ಊರಿದೆ, ಕ್ಯಾಂಟನ್. ಎರಡೂ ಒಂದೇ ಜಿಲ್ಲೆ ಅನ್ನಬಹುದು, ಸ್ಟಾರ್ಕ್ ಕೌಂಟಿ. ಎರಡೂ ಉಕ್ಕಿನ ಕಾರ್ಖಾನೆಗಳ ಕಾಲದಲ್ಲಿ ಬೆಳೆದ ಊರುಗಳು. ಅಮೆರಿಕದ ವೃತ್ತಿಪರ ಫುಟ್‌ಬಾಲ್ ಲೀಗ್, ಅಂದರೆ ಇವತ್ತಿನ ಎನ್‌ಎಫ್‌ಎಲ್, 1920ರಲ್ಲಿ ಹುಟ್ಟಿದ್ದು ಕ್ಯಾಂಟನ್‌ನ ಒಂದು ಕಾರ್ ಶೋರೂಮಿನಲ್ಲಿ. ಆ ಆಟದ ಹಾಲ್ ಆಫ್ ಫೇಮ್ 1963ರಿಂದ ಇರುವುದೂ ಅಲ್ಲೇ. ಕ್ಯಾಂಟನ್‌ನ ಶಾಲೆಯ ಹೆಸರು ಮೆಕಿನ್ಲಿ ಹೈಸ್ಕೂಲ್, ಆ ಊರಿನವರೇ ಆಗಿದ್ದ ಅಮೆರಿಕದ ಅಧ್ಯಕ್ಷ ವಿಲಿಯಂ ಮೆಕಿನ್ಲಿ ಹೆಸರಿನದ್ದು. ಅವರು ಬುಲ್‌ಡಾಗ್ಸ್, ಬಣ್ಣ ಕೆಂಪು ಕಪ್ಪು. ಮ್ಯಾಸಿಲನ್‌ನವರು ಟೈಗರ್ಸ್, ಬಣ್ಣ ಕಿತ್ತಳೆ ಕಪ್ಪು. ಎಷ್ಟೋ ವರ್ಷ ಮೈದಾನದ ಅಂಚಿನಲ್ಲಿ ನಿಜವಾದ ಹುಲಿಮರಿಯನ್ನೇ ಬೋನಿನಲ್ಲಿ ತಂದು ಇಡುತ್ತಿದ್ದರು. ಹುಲಿಮರಿಯ ಪಾಲಿಗೆ ಅದು ಅಷ್ಟೇನೂ ಸೊಗಸಾದ ಮನರಂಜನೆ ಆಗಿರಲಿಕ್ಕಿಲ್ಲ, ಆ ಮಾತು ಬೇರೆ.

ಈ ಎರಡು ಶಾಲೆಗಳು ಮೊದಲ ಸಲ ಎದುರಾಗಿದ್ದು 1894ರಲ್ಲಿ. ವಿಮಾನ ಹಾರುವುದಕ್ಕಿಂತ ಒಂಬತ್ತು ವರ್ಷ ಮುಂಚೆ. ಈ ನಡುವೆ ಮ್ಯಾಸಿಲನ್ ಹುಡುಗರಿಗೆ 1932ರಿಂದ 1940ರವರೆಗೆ ಕೋಚ್ ಆಗಿದ್ದವರು ಪಾಲ್ ಬ್ರೌನ್. ಅವರು ಆಮೇಲೆ ಒಹಾಯೋ ಸ್ಟೇಟ್ ವಿಶ್ವವಿದ್ಯಾಲಯಕ್ಕೆ ಹೋದರು, ಅಲ್ಲಿಂದ ವೃತ್ತಿಪರ ಲೀಗಿಗೆ. ಕ್ಲೀವ್‌ಲ್ಯಾಂಡ್ ಬ್ರೌನ್ಸ್ ತಂಡದ ಹೆಸರಿನಲ್ಲಿರುವ ಬ್ರೌನ್ ಅವರೇ. ಅಂದರೆ ದೇಶದ ದೊಡ್ಡ ಕೋಚ್‌ಗಳಲ್ಲಿ ಒಬ್ಬರು ಹೈಸ್ಕೂಲ್ ಹುಡುಗರಿಗೆ ಆಟ ಹೇಳಿಕೊಡುತ್ತ ಹೆಸರು ಮಾಡಿದ್ದು ಈ ಊರಲ್ಲಿ. ಮ್ಯಾಸಿಲನ್‌ನವರ ಕೊಬ್ಬಿಗೆ ಕಾರಣ ಇದೆ.

ಸೀಸನ್ ಒಟ್ಟು ಹತ್ತು ವಾರ, ವಾರಕ್ಕೊಂದು ಪಂದ್ಯ. ಸಂಪ್ರದಾಯದ ಪ್ರಕಾರ ಮ್ಯಾಸಿಲನ್–ಮೆಕಿನ್ಲಿ ಪಂದ್ಯ ಹತ್ತನೇ ವಾರಕ್ಕೆ, ಅಂದರೆ ಕಟ್ಟಕಡೆಗೆ. ಇಲ್ಲೇ ಕಥೆ ಗಟ್ಟಿಯಾಗುವುದು.

1972ಕ್ಕೆ ಮುಂಚೆ ಒಹಾಯೋದಲ್ಲಿ ಪ್ಲೇಆಫ್ ಅನ್ನುವುದೇ ಇರಲಿಲ್ಲ. ಹತ್ತು ಪಂದ್ಯ ಮುಗಿದ ಮೇಲೆ ರಾಜ್ಯದ ಚಾಂಪಿಯನ್ ಯಾರು ಅಂತ ಪತ್ರಿಕೆಯವರು ವೋಟು ಹಾಕಿ ಹೇಳುತ್ತಿದ್ದರು. ಮ್ಯಾಸಿಲನ್ ಹೀಗೆ ಲೆಕ್ಕಕ್ಕೆ ತೆಗೆದುಕೊಳ್ಳುವ ರಾಜ್ಯ ಪ್ರಶಸ್ತಿಗಳು 24, ಕೊನೆಯದು 1970ರದ್ದು. ವೋಟಿನ ಕಾಲದಲ್ಲಿ ದೊಡ್ಡ ಹೆಸರಿರುವ ತಂಡಕ್ಕೆ ಅನುಕೂಲ ಇದ್ದೇ ಇರುತ್ತದೆ ಅನ್ನುವುದು ಬೇರೆ ಊರಿನವರ ದೂರು. ಇಂಟರ್ನಲ್ಸ್ ಮಾರ್ಕ್ಸ್ ಬಗ್ಗೆ ನಾವು ಮಾತಾಡಿಕೊಳ್ಳುವ ಹಾಗೆಯೇ. 1972ರಲ್ಲಿ ಪ್ಲೇಆಫ್ ಬಂತು. ಆದರೆ ಯಾರನ್ನು ಒಳಗೆ ಬಿಡಬೇಕು? ನೂರಾರು ಶಾಲೆಗಳು, ಒಬ್ಬೊಬ್ಬರೂ ಆಡುವುದು ಹತ್ತೇ ಪಂದ್ಯ, ಅದೂ ಬೇರೆ ಬೇರೆ ಎದುರಾಳಿಗಳ ಜೊತೆ. ಹತ್ತಕ್ಕೆ ಹತ್ತು ಗೆದ್ದವನು ಬರೀ ದುರ್ಬಲರನ್ನು ಹೊಡೆದಿರಬಹುದು. ಹತ್ತಕ್ಕೆ ಎಂಟು ಗೆದ್ದವನು ಘಟಾನುಘಟಿಗಳ ಜೊತೆ ಆಡಿರಬಹುದು. ಹೋಲಿಸುವುದು ಹೇಗೆ?

ಇದಕ್ಕೆ ಜ್ಯಾಕ್ ಹಾರ್ಬಿನ್ ಅನ್ನುವವರು ಒಂದು ಲೆಕ್ಕ ಹಾಕಿಕೊಟ್ಟರು. ಇವತ್ತಿಗೂ ಒಹಾಯೋದವರು ಅದನ್ನು ಹಾರ್ಬಿನ್ ಪಾಯಿಂಟ್ಸ್ ಅಂತಲೋ ಸುಮ್ಮನೆ ಕಂಪ್ಯೂಟರ್ ಪಾಯಿಂಟ್ಸ್ ಅಂತಲೋ ಕರೆಯುತ್ತಾರೆ. ಲೆಕ್ಕ ಎರಡು ಹಂತದ್ದು. ನೀವು ಒಂದು ತಂಡವನ್ನು ಸೋಲಿಸಿದರೆ, ಆ ಶಾಲೆಯ ಗಾತ್ರಕ್ಕೆ ತಕ್ಕ ಅಂಕ ನಿಮಗೆ. ದೊಡ್ಡ ಶಾಲೆಯಾದರೆ ಹೆಚ್ಚು, ಸಣ್ಣದಾದರೆ ಕಮ್ಮಿ. ಇದು ಮೊದಲ ಹಂತ. ನೀವು ಸೋಲಿಸಿದ ತಂಡ ಇಡೀ ಸೀಸನ್‌ನಲ್ಲಿ ಯಾರ್‍ಯಾರನ್ನು ಸೋಲಿಸಿದೆಯೋ ಅದರ ಅಂಕವೂ ನಿಮ್ಮ ಖಾತೆಗೆ. ಇದು ಎರಡನೆಯ ಹಂತ. ಕೊನೆಗೆ ಆಡಿದ ಪಂದ್ಯಗಳ ಲೆಕ್ಕದಲ್ಲಿ ಸರಾಸರಿ. ಸೋತ ಪಂದ್ಯದಿಂದ ಏನೂ ಬರಲ್ಲ. ಎಷ್ಟು ಅಂತರದಿಂದ ಗೆದ್ದಿರಿ ಅನ್ನುವುದಕ್ಕೂ ಬೆಲೆ ಇಲ್ಲ. ಒಂದು ಅಂಕದಿಂದ ಗೆದ್ದರೂ ಐವತ್ತರಿಂದ ಗೆದ್ದರೂ ಅಷ್ಟೇ.

ಗ್ರಾಫ್ ಥಿಯರಿ ಓದಿದವರಿಗೆ ತಕ್ಷಣ ಹೊಳೆದಿರುತ್ತದೆ. ಪ್ರತಿ ಶಾಲೆ ಒಂದು ನೋಡ್, ಪ್ರತಿ ಗೆಲುವು ಒಂದು ಬಾಣ. ಬಾಣದ ಹಿಂದೆ ಬಾಣ, ಎರಡು ಹೆಜ್ಜೆ ನಡೆದು ನಿಲ್ಲು. ಗೂಗಲ್‌ನವರ ಪೇಜ್‌ರ್‍ಯಾಂಕ್ ಕೂಡ ಇದೇ ಜಾತಿಯ ಯೋಚನೆ: ಮಹತ್ವದ ಪುಟ ನಿಮ್ಮ ಕಡೆ ಕೈ ತೋರಿಸಿದರೆ ನಿಮಗೂ ಮಹತ್ವ. ಅಲ್ಲಿ ನಡಿಗೆ ನಿಲ್ಲುವುದೇ ಇಲ್ಲ, ಇಲ್ಲಿ ಎರಡೇ ಹೆಜ್ಜೆಗೆ ನಿಲ್ಲುತ್ತದೆ, ಅಷ್ಟೇ ವ್ಯತ್ಯಾಸ. ಪೇಜ್‌ರ್‍ಯಾಂಕ್ ಬಂದದ್ದು 1998ರಲ್ಲಿ. ಒಹಾಯೋದ ಹೈಸ್ಕೂಲ್ ಅಭಿಮಾನಿಗಳು ಅದಕ್ಕೂ ಕಾಲು ಶತಮಾನ ಮುಂಚೆಯೇ ಪೆನ್ಸಿಲ್ ಹಿಡಿದು ಇಂಥದ್ದೇ ಲೆಕ್ಕ ಹಾಕುತ್ತ ಕೂತಿದ್ದರು.

ಈಗ ಇದನ್ನು ಮೆಕಿನ್ಲಿ ಪಂದ್ಯಕ್ಕೆ ಹಾಕಿ ನೋಡಿ. ಲೆಕ್ಕ ಸುಲಭವಾಗಲಿ ಅಂತ ಒಂದು ಗೆಲುವಿಗೆ 6 ಅಂಕ ಅಂತ ಹಿಡಿಯೋಣ. ಮೆಕಿನ್ಲಿಯವರು ಮೊದಲ ಒಂಬತ್ತೂ ಪಂದ್ಯ ಗೆದ್ದು ಬಂದಿದ್ದರೆ ಅವರನ್ನು ಹತ್ತನೇ ವಾರ ಸೋಲಿಸಿದ ಮ್ಯಾಸಿಲನ್‌ಗೆ ಎರಡನೇ ಹಂತದಲ್ಲಿ 54 ಅಂಕ. ಮೆಕಿನ್ಲಿ ನಾಲ್ಕೇ ಗೆದ್ದಿದ್ದರೆ 24. ಅಂದರೆ ಏನಾಯ್ತು? ಜನ್ಮವೈರಿ ಒಂಬತ್ತು ವಾರ ಗೆಲ್ಲುತ್ತಲೇ ಇರಬೇಕು, ಚೆನ್ನಾಗಿ ಕೊಬ್ಬಬೇಕು. ಹತ್ತನೇ ವಾರ ಮಾತ್ರ ಬಿದ್ದುಬಿಡಬೇಕು. ಸೆಪ್ಟೆಂಬರ್‌ನಿಂದ ಪ್ರತಿ ವಾರ ಕ್ಯಾಂಟನ್ ಸ್ಕೋರು ನೋಡಿ ‘ಗೆದ್ರಾ? ಸದ್ಯ!’ ಅಂತ ಉಸಿರು ಬಿಡುವ ಮ್ಯಾಸಿಲನ್ ಅಭಿಮಾನಿಯ ಪಾಡು ಊಹಿಸಿಕೊಳ್ಳಿ. ಬೈಯುತ್ತಲೇ ಹರಕೆ ಹೊರಬೇಕು.

ಅಷ್ಟಕ್ಕೇ ಮುಗಿಯಲಿಲ್ಲ. ಎರಡನೇ ವಾರದಲ್ಲಿ ನೀವು ಸೋಲಿಸಿದ ಯಾವುದೋ ಸಣ್ಣ ತಂಡ ಈಗ ನೂರು ಕಿಲೋಮೀಟರ್ ಆಚೆ ಯಾರ ಜೊತೆಗೋ ಆಡುತ್ತಿರುತ್ತದೆ. ಆ ಪಂದ್ಯದ ಫಲಿತಾಂಶವೂ ನಿಮ್ಮ ಭವಿಷ್ಯ. ತಮಗೆ ಹೆಸರೂ ಸರಿಯಾಗಿ ಗೊತ್ತಿಲ್ಲದ ಊರುಗಳ ಹುಡುಗರಿಗಾಗಿ ಜನ ರೇಡಿಯೋಗೆ ಕಿವಿಯಿಟ್ಟು ಕೂರುತ್ತಿದ್ದರು. ನಮಗೆ ಇದರ ರುಚಿ ಗೊತ್ತಿಲ್ಲದ್ದೇನಲ್ಲ. 2024ರ ಮೇ 18ರಂದು ಚಿನ್ನಸ್ವಾಮಿಯಲ್ಲಿ ಆರ್‌ಸಿಬಿ ಚೆನ್ನೈಯನ್ನು ಬರೀ ಸೋಲಿಸಿದರೆ ಸಾಲದು, 18 ರನ್ ಅಂತರ ಬೇಕು ಅಂತ ಹಾಸ್ಟೆಲ್ಲುಗಳಲ್ಲಿ ಕ್ಯಾಲ್ಕುಲೇಟರ್ ಹಿಡಿದವರೇ ನಾವೆಲ್ಲ. ಗೆದ್ದದ್ದು 27ರಿಂದ. ಆದರೆ ನೆಟ್ ರನ್‌ರೇಟ್‌ನಲ್ಲಿ ಅಂತರವೇ ಎಲ್ಲ. ಹಾರ್ಬಿನ್ ಲೆಕ್ಕದಲ್ಲಿ ಅಂತರಕ್ಕೆ ಜಾಗವೇ ಇಲ್ಲ. ಅದು ಬೇಕಂತಲೇ ಮಾಡಿದಷ್ಟು ಚೆನ್ನಾಗಿದೆ ಅಂತ ನಮ್ಮ ಅಭಿಪ್ರಾಯ. ಅಂಕಪಟ್ಟಿಗಾಗಿ ಹದಿನೈದು ವರ್ಷದ ಹುಡುಗರನ್ನು 70–0ಗೆ ಜಜ್ಜುವ ಆಸೆ ಯಾವ ಕೋಚ್‌ಗೂ ಹುಟ್ಟಬಾರದು.

ಲೆಕ್ಕ ಇದ್ದಲ್ಲಿ ಲೆಕ್ಕವನ್ನು ಆಡಿಸುವವರೂ ಇರುತ್ತಾರೆ. ಎಂಥ ಎದುರಾಳಿ ಬೇಕು? ಬೇರೆಯವರನ್ನೆಲ್ಲ ಸೋಲಿಸಬೇಕು, ನಮಗೆ ಮಾತ್ರ ಸೋಲಬೇಕು. ಹಾಗಾಗಿ ಎರಡು ವರ್ಷ ಮುಂಚೆಯೇ ಯಾರ ಜೊತೆ ಪಂದ್ಯ ಗೊತ್ತು ಮಾಡಿಕೊಳ್ಳಬೇಕು ಅನ್ನುವುದೇ ಒಂದು ವಿದ್ಯೆ ಆಯಿತು. ಮ್ಯಾಸಿಲನ್‌ನಂಥ ತಂಡಕ್ಕೆ ಉಲ್ಟಾ ತೊಂದರೆ: ಸೋಲು ಖಾತ್ರಿ ಅಂತ ಗೊತ್ತಿದ್ದು ಯಾರು ಬಂದು ಆಡುತ್ತಾರೆ? ಬೇರೆ ರಾಜ್ಯದಿಂದ ತಂಡಗಳನ್ನು ಕರೆಸಿ ಹತ್ತು ವಾರ ತುಂಬಿಸಿಕೊಂಡದ್ದೂ ಉಂಟು.

ಮೊದಮೊದಲು ಪ್ಲೇಆಫ್ ಬಾಗಿಲು ಎಷ್ಟು ಕಿರಿದಾಗಿತ್ತು ಅಂದರೆ ಒಂದು ಪ್ರದೇಶದಿಂದ ಒಂದೇ ತಂಡ. ಆಮೇಲೆ ನಿಧಾನಕ್ಕೆ ಅಗಲ ಮಾಡಿದರು. 1999ರಿಂದ ಎಂಟು, 2021ರಲ್ಲಿ ಹದಿನಾರು. ಬಾಗಿಲು ಕಿರಿದಾಗಿದ್ದಾಗ ಮೆಕಿನ್ಲಿ ಪಂದ್ಯ ಎಷ್ಟೋ ಸಲ ಹೆಸರಿಗೆ ಲೀಗ್ ಪಂದ್ಯ, ನಿಜಕ್ಕೂ ನಾಕೌಟ್. ಹದಿನಾರು ತಂಡ ಒಳಗೆ ಹೋಗುತ್ತಿದ್ದಾಗ ಆ ಕತ್ತಿಯ ಹರಿತ ಸ್ವಲ್ಪ ಹೋಯಿತು ಅಂತ ಗೊಣಗುವ ಹಳಬರು ಇದ್ದರು. ಅವರ ಮಾತನ್ನು ತಳ್ಳಿಹಾಕೋಕೆ ನಮಗೆ ಮನಸ್ಸಿಲ್ಲ.

ಹಾಗಾದರೆ ಎರಡೂ ತಂಡ ಪ್ಲೇಆಫ್‌ಗೆ ಬಂದು, ಅಲ್ಲಿ ಮತ್ತೆ ಎದುರುಬದುರಾದರೆ? 1994ರಲ್ಲಿ ಆಯಿತು. ಅವತ್ತಿಗೆ ಶತಮಾನದ ಪೈಪೋಟಿ, ನೂರನೆಯ ಪಂದ್ಯ ಅಂತ ಹತ್ತನೇ ವಾರ ಎರಡೂ ಊರು ಹಬ್ಬ ಮಾಡಿಕೊಂಡಿದ್ದವು. ಪಂದ್ಯ ಹೆಚ್ಚುವರಿ ಸಮಯಕ್ಕೆ ಹೋಯಿತು, ಮೆಕಿನ್ಲಿ 42–41ಕ್ಕೆ ಗೆದ್ದಿತು. ಒಂದು ಅಂಕ. ಸಾಧಾರಣವಾಗಿ ಹೀಗೆ ಸೋತರೆ ಮುಂದಿನ ವರ್ಷದವರೆಗೆ ಬಾಯಿ ಮುಚ್ಚಿಕೊಂಡು ಇರಬೇಕು. ಕಾರ್ಖಾನೆಯಲ್ಲಿ ಪಕ್ಕದ ಮಷೀನಿನವನು ಕ್ಯಾಂಟನ್‌ನವನಾಗಿದ್ದರೆ ದಿನಾ ಕೇಳಿಸಿಕೊಳ್ಳಬೇಕು. ಆ ವರ್ಷ ಮಾತ್ರ ಕ್ಯಾಲೆಂಡರ್ ಬದಲಾಗುವ ಮುಂಚೆಯೇ, ಅದೇ ಸೀಸನ್‌ನಲ್ಲೇ ಪ್ಲೇಆಫ್ ಅವರನ್ನು ಮತ್ತೆ ಎದುರು ನಿಲ್ಲಿಸಿತು.

ಈ ಎರಡನೇ ಸಲದ ಕಾಯುವಿಕೆ ಮೊದಲನೆಯದರ ಹಾಗಲ್ಲ, ನಮಗೆ ಮುಖ್ಯ ಅನಿಸಿದ್ದು ಇದೇ. ಹತ್ತನೇ ವಾರದ ಪಂದ್ಯಕ್ಕೆ ಊರು ಕಾಯುವುದು ಜಾತ್ರೆಗೆ ಕಾದ ಹಾಗೆ. ದಿನ ಗೊತ್ತು, ಜಾಗ ಗೊತ್ತು, ಅಂಗಡಿ ಕಿಟಕಿಗಳಿಗೆಲ್ಲ ಬಣ್ಣ, ಬೀದಿಯಲ್ಲಿ ಶಾಲೆಯ ಬ್ಯಾಂಡು, ಮೆರವಣಿಗೆ. ಬೇರೆ ರಾಜ್ಯದಲ್ಲಿ ಕೆಲಸ ಹಿಡಿದವರೂ ಆ ವಾರಕ್ಕೆ ರಜೆ ಹಾಕಿ ಬರುತ್ತಾರೆ. ಸೋತರೆ ಅಳು ಬರುತ್ತದೆ, ಆದರೆ ಜಾತ್ರೆ ಮುಂದಿನ ವರ್ಷವೂ ಇದೆ. ಪ್ಲೇಆಫ್ ಹಾಗಲ್ಲ. ಹೋದ ವಾರ ಗೆಲ್ಲುವವರೆಗೆ ಈ ವಾರ ಪಂದ್ಯ ಇದೆಯೋ ಇಲ್ಲವೋ ಯಾರಿಗೂ ಗೊತ್ತಿರಲ್ಲ. ತಯಾರಿಗೆ ಆರು ದಿನ. ಯಾವ ಗ್ರೌಂಡು ಅನ್ನುವುದೂ ಆಮೇಲೆ ತಿಳಿಯುವ ಸಂಗತಿ. ಸೋತರೆ ಸೀಸನ್ ಅಲ್ಲಿಗೇ ಖತಂ, ಸೋಮವಾರ ಪ್ರಾಕ್ಟೀಸ್ ಇಲ್ಲ.

ಅದರಲ್ಲೂ 12ನೇ ಕ್ಲಾಸಿನ ಹುಡುಗನಿಗೆ? ಇದನ್ನು ಕ್ರಿಕೆಟ್ ಆಡುವ ನಾವು ಸುಲಭಕ್ಕೆ ಅರ್ಥ ಮಾಡಿಕೊಳ್ಳೋದಿಲ್ಲ. ನಮ್ಮಲ್ಲಿ ಕಾಲೇಜ್ ಟೀಮಿಗೆ ಸೆಲೆಕ್ಟ್ ಆಗದವನೂ ಭಾನುವಾರ ಬೆಳಗ್ಗೆ ಟೆನಿಸ್ ಬಾಲ್ ಹಿಡಿದು ಆಡುತ್ತಾನೆ, ನಲವತ್ತಾದರೂ ಆಡುತ್ತಾನೆ, ಮೊಣಕಾಲು ಬೇಡ ಅನ್ನುವವರೆಗೂ ಆಡುತ್ತಾನೆ. ಹೆಲ್ಮೆಟ್ಟು, ಪ್ಯಾಡು, ಹನ್ನೊಂದಕ್ಕೆ ಹನ್ನೊಂದು ಜನ, ಮೈಮೇಲೆ ಬಿದ್ದು ಕೆಡವುವ ಈ ಆಟವನ್ನು ಹಾಗೆ ಆಡೋಕೆ ಆಗಲ್ಲ. ಹೈಸ್ಕೂಲಲ್ಲಿ ಆಡಿದವರಲ್ಲಿ ನೂರಕ್ಕೆ ಹತ್ತು ಮಂದಿಯೂ ಕಾಲೇಜ್ ತಂಡ ಮುಟ್ಟಲ್ಲ. ಉಳಿದ ತೊಂಬತ್ತಕ್ಕೂ ಹೆಚ್ಚು ಜನಕ್ಕೆ ಆಟ ಅನ್ನುವುದು 17ಕ್ಕೋ 18ಕ್ಕೋ ಒಂದು ಸಂಜೆ ಮುಗಿದುಹೋಗುತ್ತದೆ, ಆ ಸಂಜೆ ಯಾವುದು ಅಂತ ಮುಂಚೆ ಗೊತ್ತಿರಲ್ಲ. ಪ್ಲೇಆಫ್‌ನಲ್ಲಿ ಗೆದ್ದರೆ ಸಿಗುವುದು ಕಪ್ ಅಲ್ಲ, ಇನ್ನೊಂದು ವಾರ. ಗ್ಯಾಲರಿಯಲ್ಲಿ ಕೂತ ಅಪ್ಪ ಅಮ್ಮ ಉಗುರು ಕಚ್ಚುವುದು ಆ ಒಂದು ವಾರಕ್ಕಾಗಿ. ಅದನ್ನು ಕಿತ್ತುಕೊಳ್ಳುವವನು ಯಾರೋ ದೂರದವನಾದರೆ ತಡೆದುಕೊಳ್ಳಬಹುದು. ಪಕ್ಕದೂರಿನ ಕೆಂಪು ಅಂಗಿಯವನಾದರೆ? ಅವನನ್ನು ಜೀವನ ಪೂರ್ತಿ ಸಂತೆಯಲ್ಲಿ, ಮದುವೆಯಲ್ಲಿ, ಪೆಟ್ರೋಲ್ ಬಂಕಿನಲ್ಲಿ ನೋಡುತ್ತಿರಬೇಕಲ್ಲ.

1994ರ ಎರಡನೇ ಪಂದ್ಯ ಮ್ಯಾಸಿಲನ್ ಗೆದ್ದಿತು. ನೂರನೇ ಪಂದ್ಯದ ನೆನಪು ಕ್ಯಾಂಟನ್‌ಗೆ, ಆ ವರ್ಷದ ಇನ್ನೊಂದು ವಾರ ಮ್ಯಾಸಿಲನ್‌ಗೆ. ಯಾರು ಹೆಚ್ಚು ಗೆದ್ದರು ಅಂತ ಇವತ್ತಿಗೂ ಎರಡು ಊರಲ್ಲಿ ಎರಡು ಉತ್ತರ.

ಒಹಾಯೋದವರು ಕಂಪ್ಯೂಟರಿಗೆ ಕಾದರೆ, ಟೆಕ್ಸಾಸ್‌ನವರು ಒಮ್ಮೆ ನಾಣ್ಯಕ್ಕೆ ಕಾದಿದ್ದರು. ಪಶ್ಚಿಮ ಟೆಕ್ಸಾಸ್‌ನ ತೈಲಬಾವಿಗಳ ನಾಡಿನಲ್ಲಿ ಒಡೆಸ್ಸಾ ಮತ್ತು ಮಿಡ್‌ಲ್ಯಾಂಡ್ ಅಂತ ಅಕ್ಕಪಕ್ಕದ ಊರುಗಳು. ಬಾವಿಯಲ್ಲಿ ಕೈ ಕೆಸರು ಮಾಡಿಕೊಳ್ಳುವವರು ಒಡೆಸ್ಸಾದವರು, ಆಫೀಸಿನಲ್ಲಿ ಕೂರುವ ಕಂಪನಿಯವರು ಮಿಡ್‌ಲ್ಯಾಂಡಿನವರು, ಇದು ಅಲ್ಲಿನ ಹಳೇ ಉರಿ. 1988ರಲ್ಲಿ ಒಡೆಸ್ಸಾದ ಪರ್ಮಿಯನ್, ಮಿಡ್‌ಲ್ಯಾಂಡಿನ ಲೀ, ಮಿಡ್‌ಲ್ಯಾಂಡ್ ಹೈ ಮೂರೂ ಶಾಲೆಗಳು ಸಮ ಆದವು. ಪರ್ಮಿಯನ್‌ನ ಲೀ ಸೋಲಿಸಿತ್ತು, ಲೀಯನ್ನು ಮಿಡ್‌ಲ್ಯಾಂಡ್ ಹೈ, ಮಿಡ್‌ಲ್ಯಾಂಡ್ ಹೈಯನ್ನು ಪರ್ಮಿಯನ್. ಕಲ್ಲು-ಕತ್ತರಿ-ಕಾಗದದ ಸುತ್ತು. ಪ್ಲೇಆಫ್ ಜಾಗ ಎರಡೇ. ನಿಯಮ ಏನು ಹೇಳಿತು ಅಂದರೆ, ನಾಣ್ಯ ಚಿಮ್ಮಿ.

ಮೂವರು ಕೋಚ್‌ಗಳು ನಡುರಾತ್ರಿ ದಾಟಿದ ಮೇಲೆ ಹೆದ್ದಾರಿ ಪಕ್ಕದ ಒಂದು ಟ್ರಕ್ ಸ್ಟಾಪಿನಲ್ಲಿ ಸೇರಿದರು. ಜನ ನುಗ್ಗಬಾರದು ಅಂತ ಜಾಗ ಗುಟ್ಟಾಗಿಟ್ಟಿದ್ದರು, ಟೀವಿಯಲ್ಲಿ ಮಾತ್ರ ನೇರ ಪ್ರಸಾರ. ಮೂವರೂ ತಲಾ ಒಂದು ನಾಣ್ಯ ಚಿಮ್ಮಬೇಕು. ಇಬ್ಬರದ್ದು ಒಂದು ಮುಖ, ಒಬ್ಬನದ್ದು ಇನ್ನೊಂದು ಬಂದರೆ ಆ ಒಬ್ಬ ಹೊರಗೆ. ಮೂರೂ ಒಂದೇ ಬಂದರೆ ಮತ್ತೆ ಚಿಮ್ಮು. ಪ್ರಾಬಬಿಲಿಟಿ ಪೇಪರ್ ಬರೆದವರು ನೋಡಿ: ಮೂರೂ ಒಂದೇ ಬರುವ ಸಾಧ್ಯತೆ ನಾಲ್ಕರಲ್ಲಿ ಒಂದು, ಹೊರಬೀಳುವ ಸಾಧ್ಯತೆ ಪ್ರತಿಯೊಬ್ಬರಿಗೂ ಮೂರರಲ್ಲಿ ಒಂದು. ನ್ಯಾಯವಾಗಿಯೇ ಇದೆ. ಆದರೆ ಮೂರು ತಿಂಗಳ ಬೆವರು ಬಿಲ್ಲೆಯ ಮೇಲೆ ನಿಂತಾಗ ‘ಮೂರರಲ್ಲಿ ಒಂದು’ ಅನ್ನುವುದು ನ್ಯಾಯ ಅನಿಸಲ್ಲ. ಮಿಡ್‌ಲ್ಯಾಂಡ್ ಹೈ ಹೊರಬಿತ್ತು. ನಮ್ಮನ್ನು ಕೇಳಿದರೆ, ಸ್ಕೋರ್ ವ್ಯತ್ಯಾಸವನ್ನೋ ಇನ್ನೇನನ್ನೋ ನೋಡಬಹುದಿತ್ತು. ಆದರೆ ಸುತ್ತು ಸುತ್ತಿ ಬಂದ ಸೋಲಿಗೆ ಯಾವ ಸೂತ್ರ ಹಾಕಿದರೂ ಯಾರಾದರೊಬ್ಬರು ‘ಅವರನ್ನ ನಾವು ಸೋಲಿಸಿದ್ವಲ್ಲ’ ಅನ್ನುತ್ತಲೇ ಇರುತ್ತಾರೆ.

ಈ ಸೀಸನ್ ಮೇಲೆ ಬಜ್ ಬಿಸಿಂಜರ್ ಅನ್ನುವ ಪತ್ರಕರ್ತ 1990ರಲ್ಲಿ ‘ಫ್ರೈಡೇ ನೈಟ್ ಲೈಟ್ಸ್’ ಪುಸ್ತಕ ಬರೆದರು, 2004ರಲ್ಲಿ ಸಿನಿಮಾ ಆಯಿತು. ಶುಕ್ರವಾರ ಯಾಕೆ ಅಂದರೆ ಹೈಸ್ಕೂಲ್ ಪಂದ್ಯಗಳ ದಿನವೇ ಅದು. ಅದಕ್ಕೆ ಕಾನೂನಿನ ಕಾವಲೂ ಇದೆ: 1961ರ ಒಂದು ಕೇಂದ್ರ ಕಾಯ್ದೆಯ ಪ್ರಕಾರ ಸೆಪ್ಟೆಂಬರ್‌ನಿಂದ ಡಿಸೆಂಬರ್ ನಡುವೆ ಶುಕ್ರವಾರ ಸಂಜೆ, ಶನಿವಾರಗಳಂದು ಹತ್ತಿರದ ಹೈಸ್ಕೂಲ್, ಕಾಲೇಜು ಪಂದ್ಯಗಳಿಗೆ ಪೆಟ್ಟು ಬೀಳುವಂತೆ ವೃತ್ತಿಪರ ಲೀಗ್ ತನ್ನ ಪಂದ್ಯ ಟೀವಿಯಲ್ಲಿ ತೋರಿಸಿದರೆ ಅದಕ್ಕೆ ಸಿಕ್ಕ ದೊಡ್ಡ ಕಾನೂನು ರಿಯಾಯಿತಿ ಕೈತಪ್ಪುತ್ತದೆ. ಶಾಲೆ ಹುಡುಗರ ಆಟಕ್ಕೆ ಸಂಸತ್ತೇ ದಾರಿ ಬಿಡಿಸಿದೆ.

ನಾಣ್ಯದಿಂದ ಬಚಾವಾದ ಪರ್ಮಿಯನ್ ಸೆಮಿಫೈನಲ್‌ವರೆಗೆ ಹೋಗಿ ಡಲ್ಲಸ್‌ನ ಕಾರ್ಟರ್ ಹೈಸ್ಕೂಲಿಗೆ 14–9ರಲ್ಲಿ ಸೋತಿತು. ಇಲ್ಲಿ ಇನ್ನೊಂದು ತಮಾಷೆ ಇದೆ, ತಮಾಷೆ ಅನ್ನಬಹುದಾದರೆ. ಟೆಕ್ಸಾಸ್‌ನಲ್ಲಿ 1984ರಿಂದ ಪಾಸಾಗದಿದ್ದರೆ ಆಟ ಇಲ್ಲ ಅನ್ನುವ ನಿಯಮ. ಕಾರ್ಟರ್ ತಂಡದ ಒಬ್ಬ ಆಟಗಾರನ ಆಲ್ಜೀಬ್ರಾ ಗ್ರೇಡು ನಿಜಕ್ಕೂ ಪಾಸೋ ಫೇಲೋ ಅನ್ನುವ ಜಗಳ ಪ್ಲೇಆಫ್ ನಡೆಯುತ್ತಿರುವಾಗಲೇ ಕೋರ್ಟು ಹತ್ತಿತು. ಕಾರ್ಟರ್ ರಾಜ್ಯ ಪ್ರಶಸ್ತಿ ಗೆದ್ದಿತು, ಆಮೇಲೆ ಅದನ್ನು ಕಿತ್ತುಕೊಳ್ಳಲಾಯಿತು. ಅಂದರೆ ಆ ಚಳಿಗಾಲದಲ್ಲಿ ಟೆಕ್ಸಾಸ್ ಅಭಿಮಾನಿಗಳು ಕಾದದ್ದು ಪಂದ್ಯಕ್ಕಷ್ಟೇ ಅಲ್ಲ, ಜಡ್ಜ್ ಏನು ಹೇಳುತ್ತಾರೆ, ಎದುರಿಗೆ ಯಾವ ತಂಡ ಇಳಿಯುತ್ತದೆ ಅನ್ನುವುದಕ್ಕೂ. ಬ್ಯಾಕ್‌ಲಾಗ್‌ಗೆ ಹೆದರುವ ನಾವು ಒಂದು ಪೇಪರಿನ ಮೇಲೆ ರಾಜ್ಯದ ಕಪ್ ನಿಂತಿದ್ದನ್ನು ಕಂಡಿರಲಿಲ್ಲ.

ಇಷ್ಟೆಲ್ಲ ಹುರುಪಿನ ಬೆಲೆ ಕೊಡುವವರು ಯಾರು ಅನ್ನುವುದನ್ನು ಬಿಟ್ಟು ಬರೆದರೆ ಈ ಲೇಖನ ಸುಳ್ಳಾಗುತ್ತದೆ. ಪರ್ಮಿಯನ್ ತಂಡ ನೆಚ್ಚಿಕೊಂಡಿದ್ದ ಜೇಮ್ಸ್ ‘ಬೂಬಿ’ ಮೈಲ್ಸ್‌ಗೆ ಸೀಸನ್ ಶುರುವಾಗುವ ಮುಂಚಿನ ಅಭ್ಯಾಸ ಪಂದ್ಯದಲ್ಲೇ ಮಂಡಿ ಹೋಯಿತು. ಊರಿನ ಮಾತು ಬೇರೆ ಹುಡುಗನ ಕಡೆ ತಿರುಗಿತು. ಮ್ಯಾಸಿಲನ್‌ನ 1999ರ ಸೀಸನ್ ಮೇಲೆ ತೆಗೆದ ‘ಗೋ ಟೈಗರ್ಸ್!’ ಸಾಕ್ಷ್ಯಚಿತ್ರದಲ್ಲಿ ಇನ್ನೊಂದು ಮುಖ ಕಾಣುತ್ತದೆ. 12ನೇ ಕ್ಲಾಸಿಗೆ ಬರುವ ಹೊತ್ತಿಗೆ ಮಗ ಒಂದು ವರ್ಷ ದೊಡ್ಡವನಾಗಿ, ಇನ್ನಷ್ಟು ದಪ್ಪನಾಗಿ ಇರಲಿ ಅಂತ ಪಾಸಾದ ಹುಡುಗನನ್ನೇ ಎಂಟನೇ ಕ್ಲಾಸಿನಲ್ಲಿ ಮತ್ತೆ ಕೂರಿಸುವುದು ಅಲ್ಲಿ ಗುಟ್ಟೇನಲ್ಲ. ಅದೇ ವರ್ಷ ಶಾಲೆಗಳಿಗೆ ದುಡ್ಡಿಲ್ಲದೆ, ಹೆಚ್ಚುವರಿ ತೆರಿಗೆಗೆ ಊರಿನವರು ಒಪ್ಪಬೇಕು ಅಂತ ಮತದಾನ ಇತ್ತು. ತಂಡ ಗೆದ್ದರೆ ಜನ ಖುಷಿಯಲ್ಲಿ ‘ಹೂಂ’ ಅನ್ನುತ್ತಾರೆ, ಸೋತರೆ ಟೀಚರ್‌ಗಳ ಕೆಲಸಕ್ಕೆ ಕುತ್ತು ಅನ್ನುವ ಆತಂಕ ಚಿತ್ರದ ಉದ್ದಕ್ಕೂ ಇದೆ. ಹದಿನೇಳರ ಹುಡುಗನ ಹೆಗಲ ಪ್ಯಾಡಿನ ಮೇಲೆ ಇದನ್ನೂ ಹೇರಬಹುದಾ? ಬೇಡ ಅಂತ ನಮ್ಮ ಮನಸ್ಸು ಹೇಳುತ್ತದೆ. ಆದರೆ ಉಕ್ಕಿನ ಕಾರ್ಖಾನೆಗಳು ಒಂದೊಂದಾಗಿ ಬಾಗಿಲು ಹಾಕಿದ ಊರಲ್ಲಿ ಎಲ್ಲರೂ ಒಟ್ಟಿಗೆ ಕೂತು ಕಾಯೋಕೆ ಬೇರೇನು ಉಳಿದಿತ್ತು ಅನ್ನುವ ಪ್ರಶ್ನೆಗೆ ದೂರದಲ್ಲಿ ಕೂತ ನಮ್ಮ ಹತ್ತಿರ ಸಲೀಸಾದ ಉತ್ತರ ಇಲ್ಲ.

ಇನ್ನು ಮ್ಯಾಸಿಲನ್‌ನ ಬಾಕಿ ಲೆಕ್ಕ. ವೋಟಿನ ಕಾಲದಲ್ಲಿ 24 ಪ್ರಶಸ್ತಿ ಎಣಿಸಿದ ಊರಿಗೆ ಪ್ಲೇಆಫ್ ಶುರುವಾದ ಮೇಲೆ ಒಂದೂ ಸಿಗಲಿಲ್ಲ. ಮೆಕಿನ್ಲಿಗೆ ಮೂರು ಬಂದವು: 1981, 1997, 1998. ‘ನಿಮ್ಮದು ಪೇಪರಿನವರು ಕೊಟ್ಟದ್ದು, ನಮ್ಮದು ಆಡಿ ಗೆದ್ದದ್ದು’ ಅನ್ನುವುದಕ್ಕೆ ಕ್ಯಾಂಟನ್‌ನವರಿಗೆ ಇಷ್ಟು ಸಾಕಲ್ಲ. ಮ್ಯಾಸಿಲನ್ ಫೈನಲ್ ಮುಟ್ಟಿ ಸೋತದ್ದು 1980, 1982, 2005, ಆಮೇಲೆ 2018, 2019, 2020 ಸತತ ಮೂರು ವರ್ಷ. ಆರು ಸಲ. ನಮ್ಮ ಬೆಂಗಳೂರಿನವರಿಗೆ ಈ ನೋವಿನ ಬಗ್ಗೆ ಜಾಸ್ತಿ ವಿವರಿಸಬೇಕಿಲ್ಲ. ಈ ಹೊತ್ತಿಗೆ ಎರಡು ಶಾಲೆಗಳೂ ಬೇರೆ ಬೇರೆ ಡಿವಿಷನ್ ಸೇರಿದ್ದರಿಂದ ಪ್ಲೇಆಫ್‌ನಲ್ಲಿ ಪರಸ್ಪರ ಎದುರಾಗುವುದೂ ತಪ್ಪಿಹೋಗಿತ್ತು. ಪ್ಲೇಆಫ್‌ನ ಹೊಸ ಕಂಟಕ ಏಕ್ರನ್‌ನ ಆರ್ಚ್‌ಬಿಷಪ್ ಹೋಬನ್ ಶಾಲೆ. 2018 ಮತ್ತು 2020ರ ಫೈನಲ್‌ಗಳಲ್ಲಿ ಸೋಲಿಸಿದ್ದು ಅವರೇ.

2023ರಲ್ಲಿ ಮ್ಯಾಸಿಲನ್ ಹದಿನೈದಕ್ಕೆ ಹದಿನೈದು ಗೆದ್ದು ಫೈನಲ್‌ಗೆ ಬಂತು. ಎದುರಿಗೆ ಮತ್ತೆ ಹೋಬನ್. ನವೆಂಬರ್ 30ರ ರಾತ್ರಿ ಸ್ಕೋರು 7–2. ಒಂದು ಟಚ್‌ಡೌನ್, ಅದರ ಮೇಲೊಂದು ಒದೆತ, ಆ ಕಡೆಗೆ ಒಂದು ಸೇಫ್ಟಿ. 53 ವರ್ಷದ ನಂತರ ಊರಿಗೆ ರಾಜ್ಯ ಪ್ರಶಸ್ತಿ, ಆಡಿಯೇ ಗೆದ್ದದ್ದು. ರಾಜ್ಯದ ಫೈನಲ್‌ಗಳು ಆ ವರ್ಷ ನಡೆದದ್ದು ಹಾಲ್ ಆಫ್ ಫೇಮ್ ಪಕ್ಕದ ಟಾಮ್ ಬೆನ್ಸನ್ ಸ್ಟೇಡಿಯಂನಲ್ಲಿ. ಕ್ಯಾಂಟನ್‌ನಲ್ಲಿ. ಮೆಕಿನ್ಲಿ ಹುಡುಗರ ಹೋಮ್ ಗ್ರೌಂಡಿನಲ್ಲಿ.